ನಾಲಿಗೆಯ ಕೆಳಗಿನ ಗುಳಿಗೆ

ಆಗ ನನಗೆ ಐವತ್ತೊಂಬತ್ತು. ಹನ್ನೊಂದು ವರ್ಷದ ಹಿಂದಿನ ಮಾತು. ನಿಜವಾದ ವಯಸ್ಸು ನನಗೂ ಗೊತ್ತಿಲ್ಲ, ರೇಷನ್ ಕಾರ್ಡಿನಲ್ಲಿ ಬರೆದಿದ್ದು ಅಷ್ಟು. ಆಸ್ಪತ್ರೆಯವರೂ ಅದನ್ನೇ ನೋಡಿ ಬರೆದುಕೊಂಡರು.

ನಾನು ಎರಡನೇ ಇಯತ್ತೆಯವರೆಗೆ ಮಾತ್ರ ಸಾಲೆಗೆ ಹೋದವಳು. ಬರೆಯುವುದು ನಿಧಾನ. ಒತ್ತಕ್ಷರ ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ. ಒಲೆಯ ಮುಂದೆ ಕೂತಾಗ ಎದೆ ಹಿಡಿದು, ಅದನ್ನು ಯಾರಿಗೂ ಹೇಳದೆ ಕೆಲಸ ಮುಗಿಸುವ ಹೆಂಗಸರು ನಾನೊಬ್ಬಳೇ ಅಲ್ಲ ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ತಿಳಿಯಿತು. ಅವರಿಗಾಗಿ ಬರೆಯುತ್ತಿದ್ದೇನೆ.

ಪುಣೆಯ ಮಾರ್ಕೆಟ್ ಯಾರ್ಡಿನ ಹಿಂದಿನ ಚಾಳಿನಲ್ಲಿ ನಮ್ಮದು ಎರಡು ಖೋಲಿ. ಮದುವೆಯಾಗಿ ವಿಜಾಪುರದ ಕಡೆಯಿಂದ ಇಲ್ಲಿಗೆ ಬಂದೆ. ಗಂಡ ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ರೊಟ್ಟಿ ಮಾಡಿ ಕೊಡಲು ಶುರುಮಾಡಿದೆ. ಮಗ ಬಸು ದೊಡ್ಡವನಾಗಿ ಬೆಲ್ಲದ ಅಡತಿ ಅಂಗಡಿಯಲ್ಲಿ ತೂಕ ಬರೆಯುವ ಕೆಲಸಕ್ಕೆ ಸೇರಿದ ಮೇಲೂ ನಾನು ಬಿಡಲಿಲ್ಲ. ಸೊಸೆ ಸುನಂದಾ ಅಕ್ಕಲಕೋಟೆಯವಳು, ಬಾಯಿ ಜೋರು, ಕೆಲಸವೂ ಜೋರು.

ಯಾರ್ಡಿಗೆ ನಮ್ಮ ಕಡೆಯಿಂದ ಬೆಲ್ಲ, ಒಣಮೆಣಸಿನಕಾಯಿ, ಬೇಳೆ ಹೇರಿಕೊಂಡು ಲಾರಿ ಬರುತ್ತವೆ. ಜೊತೆಗೆ ವ್ಯಾಪಾರಿಗಳೂ ಬರುತ್ತಾರೆ. ಇಲ್ಲಿಯವರ ಭಾಕರಿ ದಪ್ಪ, ನಮ್ಮವರ ಗಂಟಲಿಗೆ ಇಳಿಯುವುದಿಲ್ಲ. ನಮ್ಮ ರೊಟ್ಟಿ ತೆಳ್ಳಗೆ ಇರಬೇಕು, ಉಬ್ಬಬೇಕು, ಮಡಚಿದರೆ ಮುರಿಯಬಾರದು. ಬೆಳಿಗ್ಗೆ ಐದೂವರೆಗೆ ಕೂತರೆ ಒಂಬತ್ತರೊಳಗೆ ನೂರೈವತ್ತು ಬಡಿಯುತ್ತಿದ್ದೆ. ಬಸು ಕೆಲಸಕ್ಕೆ ಹೋಗುವಾಗ ಬುಟ್ಟಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗುತ್ತಿದ್ದ. ಆ ಚಾಳಿನಲ್ಲಿ ನನ್ನಷ್ಟು ಬೇಗ ಬಡಿಯುವವರು ಯಾರೂ ಇರಲಿಲ್ಲ. ಇದು ಜಂಬವಲ್ಲ, ಇದ್ದದ್ದನ್ನು ಹೇಳಿದೆ.

ನಮ್ಮ ಅತ್ತೆ ನನಗೆ ರೊಟ್ಟಿ ಕಲಿಸುವಾಗ ಎರಡು ಮಾತು ಹೇಳಿದ್ದರು. ಹಿಟ್ಟಿನ ಮುಂದೆ ಕೂತ ಮೇಲೆ ಹಿಟ್ಟು ಮುಗಿಯುವವರೆಗೆ ಏಳಬಾರದು, ಬಿಸಿನೀರಿನಲ್ಲಿ ನಾದಿದ ಜೋಳದ ಹಿಟ್ಟು ಆರಿದರೆ ಬಿರಿಯುತ್ತದೆ. ಎರಡನೆಯದು, ಬಾಯಲ್ಲಿ ಏನೂ ಇರಬಾರದು. ಎಲೆ ಅಡಿಕೆ ಇಲ್ಲ, ಲವಂಗ ಇಲ್ಲ, ಮಾತೂ ಇಲ್ಲ. ಮಾತಾಡಿದರೆ ಉಗುಳು ಸಿಡಿಯುತ್ತದೆ, ಸಿಡಿದರೆ ಹಿಟ್ಟೆಲ್ಲಾ ಎಂಜಲು. ಬಸು ಕೆಲಸ ಮಾಡುವ ಅಡತಿಯ ಸಾಹುಕಾರರು ಲಿಂಗಪೂಜೆ ಮಾಡಿ, ನನ್ನ ರೊಟ್ಟಿಯನ್ನು ಎಡೆಯಿಟ್ಟು ಆಮೇಲೆ ಉಣ್ಣುವವರು. ಅವರ ಎಡೆಗೆ ಎಂಜಲು ಕಳಿಸುವುದೇ? ನಲವತ್ತು ವರ್ಷ ನಾನು ಒಲೆಯ ಮುಂದೆ ತುಟಿ ಬಿಚ್ಚಿದವಳಲ್ಲ. ಸುನಂದಾ ಏನಾದರೂ ಕೇಳಿದರೆ ಕೈಸನ್ನೆ ಮಾಡುತ್ತಿದ್ದೆ. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ನನ್ನನ್ನು ಮುಂಜಾನೆ ಹೊತ್ತು ಮೂಕಿ ಎಂದೇ ತಿಳಿದಿದ್ದಳಂತೆ.

ಮೊದಲ ಸಲ ನೋವು ಬಂದಾಗ ಹಲ್ಲು ಎಂದುಕೊಂಡೆ. ಎಡಗಡೆಯ ದವಡೆ ಹಿಡಿಯಿತು, ಆಮೇಲೆ ಎದೆಯ ನಡುವೆ ಬೀಸುವ ಕಲ್ಲು ಇಟ್ಟ ಹಾಗೆ ಭಾರ. ರೊಟ್ಟಿ ಮುಗಿಸಿ ಎದ್ದು ಲವಂಗ ಕಚ್ಚಿದೆ, ಹೋಯಿತು. ಎಂಟು ದಿನ ಲವಂಗ ಕಚ್ಚಿದೆ. ಒಂಬತ್ತನೆಯ ದಿನ ನಳದಿಂದ ಕೊಡ ತರುವಾಗ ಗೋಡೆ ಹಿಡಿದು ನಿಂತುಬಿಟ್ಟೆ. ಸುನಂದಾ ನೋಡಿದಳು.

"ಏನಾತ್ರಿ ಅತ್ತಿ?"

"ಹಲ್ಲು."

"ಹಲ್ಲ ನೋವಿಗೆ ಎದಿ ಯಾಕ ಹಿಡಕೊಂಡೀರಿ?"

ಕೊಡ ಕಸಿದುಕೊಂಡಳು. ಅವತ್ತೇ ಬಸುವನ್ನು ಅಂಗಡಿಯಿಂದ ಕರೆಸಿ ನನ್ನನ್ನು ರಿಕ್ಷಾದಲ್ಲಿ ಹಾಕಿ ದೊಡ್ಡ ಆಸ್ಪತ್ರೆಗೆ ಒಯ್ದರು.

ಆಸ್ಪತ್ರೆಯಲ್ಲಿ ಕಾಯುವುದೇ ಒಂದು ರೋಗ. ಮುಂಜಾನೆ ಚೀಟಿ ತೆಗೆಸಿದರೆ ಮಧ್ಯಾಹ್ನ ಕರೆಯುತ್ತಾರೆ. ಬೆಂಚಿನಲ್ಲಿ ಐದು ಜನರ ಜಾಗದಲ್ಲಿ ಎಂಟು ಜನ. ಎಲ್ಲರೂ ಬಾಗಿಲನ್ನೇ ನೋಡುತ್ತಿರುತ್ತಾರೆ. ಒಳಗೆ ಹೋದವರು ಹೊರಗೆ ಬಂದಾಗ ಅವರ ಮುಖ ನೋಡಿ, ನಮ್ಮ ಪಾಲಿಗೆ ಏನಿದೆಯೋ ಎಂದು ಲೆಕ್ಕ ಹಾಕುತ್ತಾರೆ. ನನಗೆ ಹೆದರಿಕೆ ಆಗಿತ್ತು. ಆದರೆ ಅದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು. ಮರುದಿನದ ರೊಟ್ಟಿಗೆ ಜೋಳ ಇನ್ನೂ ಬೀಸಿಸಿರಲಿಲ್ಲ.

ಒಳಗೆ ರವಿಕೆ ಬಿಚ್ಚಿಸಿ, ಎದೆಗೆ ತಣ್ಣನೆಯ ಏನೋ ಹಚ್ಚಿ, ವಾಯರು ಸಿಕ್ಕಿಸಿ ಉದ್ದನೆಯ ಕಾಗದ ತೆಗೆದರು. ಡಾಕ್ಟರು ಹುಡುಗಿ, ನನ್ನ ಸೊಸೆಗಿಂತ ಚಿಕ್ಕವಳು. ನಾನು ಡಾಕ್ಟರಬಾಯಿ ಎನ್ನುತ್ತೇನೆ. ಅವಳು ಆಡಿದ್ದು ಮರಾಠಿ, ನಾನು ಬರೆಯುವುದು ನಮ್ಮ ಮಾತಿನಲ್ಲಿ.

"ಆಜಿ, ನಿಮ್ಮ ಹೃದಯಕ್ಕೆ ರಕ್ತ ಸಾಲುತ್ತಿಲ್ಲ. ಜೋರಾಗಿ ಕೆಲಸ ಮಾಡಿದಾಗ ಅದು ಕೂಗಿಕೊಳ್ಳುತ್ತದೆ. ಕೂಗಿದಾಗ ನೀವು ನಿಲ್ಲಬೇಕು."

ದಿನಾ ನುಂಗುವ ಗುಳಿಗೆ ಬೇರೆ ಕೊಟ್ಟಳು. ಇದಲ್ಲದೆ ಸಣ್ಣ ಬಿಳಿ ಗುಳಿಗೆಯ ಒಂದು ಪಟ್ಟಿ. ನೋವು ಬಂದ ಕೂಡಲೇ ಎಲ್ಲಿದ್ದರೂ ಕೂತುಕೊಳ್ಳಬೇಕು, ಒಂದು ಗುಳಿಗೆ ನಾಲಿಗೆಯ ಕೆಳಗೆ ಇಡಬೇಕು, ಅಗಿಯಬಾರದು, ನುಂಗಬಾರದು, ತಾನೇ ಕರಗಬೇಕು. ಕರಗಿದ ಮೇಲೂ ನೋವು ಹೋಗದಿದ್ದರೆ ಆಸ್ಪತ್ರೆಗೆ ಓಡಿ ಬರಬೇಕು. ಇದನ್ನು ಮೂರು ಸಲ ಹೇಳಿದಳು. ಬಸುವಿನಿಂದಲೂ ಹೇಳಿಸಿದಳು.

ಅಪ್ಪ ಸತ್ತಾಗ ಕಣ್ಣೀರು ಹಾಕದ ಬಸು ಆಸ್ಪತ್ರೆಯ ಗೇಟಿನ ಹತ್ತಿರ ಚಹಾದ ಅಂಗಡಿಯ ಹಿಂದೆ ಹೋಗಿ ಕಣ್ಣು, ಮೂಗು ಒರೆಸಿಕೊಂಡು ಬಂದ. ಸುನಂದಾ ಅಳಲಿಲ್ಲ.

"ನಾಳಿಂದ ರೊಟ್ಟಿ ಬಂದ್," ಎಂದಳು.

"ಬಂದ್ ಮಾಡ್ಲಿಕ್ಕೆ ಇದು ನಿಮ್ಮಪ್ಪನ ಅಂಗಡಿ ಏನು?" ಎಂದೆ.

"ನಮ್ಮಪ್ಪಗ ಅಂಗಡಿ ಇದ್ದಿದ್ರ ನಿಮ್ಮ ಮನಿಗೆ ಯಾಕ ಬರ್ತಿದ್ದೆ?"

ರಿಕ್ಷಾದವನೂ ನಕ್ಕ. ಕಡೆಗೆ ಗುಳಿಗೆ ಇದೆಯಲ್ಲ, ನೋವು ಬಂದರೆ ಇಟ್ಟುಕೊಳ್ಳುತ್ತೇನೆ ಎಂದು ಹೇಳಿ ಅವರನ್ನು ಒಪ್ಪಿಸಿದೆ. ಪಟ್ಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿದೆ.

ಈಗ ನನ್ನ ತಪ್ಪನ್ನು ಹೇಳುತ್ತೇನೆ. ಆ ನೋವು ಬರುತ್ತಿದ್ದದ್ದು ರೊಟ್ಟಿ ಬಡಿಯುವಾಗ. ಕೊಡ ಹೊರುವುದನ್ನು ಬಿಟ್ಟ ಮೇಲೆ ಬೇರೆ ಹೊತ್ತಿನಲ್ಲಿ ಬರುತ್ತಿರಲಿಲ್ಲ. ರೊಟ್ಟಿ ಬಡಿಯುವಾಗ ಬಾಯಲ್ಲಿ ಏನೂ ಇಡುವಂತಿಲ್ಲ. ಗುಳಿಗೆಯಾದರೇನು, ಅದು ಬಾಯಲ್ಲಿ ಕರಗುತ್ತದೆ, ಜೊಲ್ಲು ಬರಿಸುತ್ತದೆ. ಅದನ್ನಿಟ್ಟುಕೊಂಡು ಸಾಹುಕಾರರ ಎಡೆಯ ರೊಟ್ಟಿ ಹೇಗೆ ಮಾಡಲಿ? ಹಾಗಾಗಿ ನೋವು ಬಂದರೆ ಕೈ ಇನ್ನೂ ಬೇಗ ಆಡಿಸಿದೆ. ಬೇಗ ಮುಗಿಸಿದರೆ ಬೇಗ ಏಳಬಹುದು, ಎದ್ದ ಮೇಲೆ ಗುಳಿಗೆ ಇಡಬಹುದು ಎಂಬುದು ನನ್ನ ಲೆಕ್ಕ. ಎದ್ದು ಸ್ವಲ್ಪ ಹೊತ್ತು ಕೂತರೆ ನೋವು ತಾನೇ ಇಳಿಯುತ್ತಿತ್ತು. ಇಳಿದ ನೋವಿಗೆ ಗುಳಿಗೆ ಯಾಕೆ ಎಂದು ಗಂಟು ಬಿಚ್ಚುತ್ತಲೇ ಇರಲಿಲ್ಲ. ಎರಡು ತಿಂಗಳು ಹೀಗೆ ಹೋಯಿತು. ಒಂದು ಗುಳಿಗೆಯೂ ಖರ್ಚಾಗಲಿಲ್ಲ.

ಡಾಕ್ಟರಬಾಯಿ ತಿಂಗಳಿಗೊಮ್ಮೆ ಕೇಳುತ್ತಿದ್ದಳು, "ಆಜಿ, ನಾಲಿಗೆಯ ಕೆಳಗಿನದು ಎಷ್ಟು ಬೇಕಾಯಿತು?"

"ಒಂದೆರಡು," ಎನ್ನುತ್ತಿದ್ದೆ.

"ಚಲೋ ಆಯಿತು," ಎಂದು ಅವಳು ಬರೆದುಕೊಳ್ಳುತ್ತಿದ್ದಳು. ನನಗೆ ಕಡಿಮೆಯಾಗುತ್ತಿದೆ ಎಂದು ಪಾಪ ಆಕೆ ನಂಬಿದಳು. ಡಾಕ್ಟರಿಗೆ ಸುಳ್ಳು ಹೇಳಬಾರದು. ಅವರು ನಮ್ಮ ಬಾಯಿಂದ ಬಂದದ್ದರ ಮೇಲೆಯೇ ಔಷಧ ಕೊಡುತ್ತಾರೆ.

ಶ್ರಾವಣ ಸೋಮವಾರ. ಸಾಹುಕಾರರಲ್ಲಿ ದಾಸೋಹ ಇತ್ತು, ಇನ್ನೂರು ರೊಟ್ಟಿ ಹೇಳಿದ್ದರು. ನಾನು ನಾಲ್ಕೂವರೆಗೆ ಎದ್ದು ಕೂತೆ. ಅವತ್ತು ನೋವು ಹತ್ತನೆಯ ರೊಟ್ಟಿಗೇ ಬಂತು. ಎಂದಿನ ಹಾಗೆ ಬಂದು ಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ. ನೂರರ ಹತ್ತಿರ ಬಂದಾಗ ಮುಖದಿಂದ ಬೆವರು ತೊಟ್ಟಿಕ್ಕತೊಡಗಿತು. ಹಿಟ್ಟಿಗೆ ಬಿದ್ದೀತೆಂದು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಬಡಿದೆ. ಎಡಗೈ ನನ್ನದಲ್ಲ ಎನ್ನಿಸಿತು. ಬಲಗೈಯಿಂದಲೇ ಬಡಿದೆ. ಹಂಚಿನ ಮೇಲೆ ಇರುವುದೊಂದು ಆಗಲಿ ಎಂದುಕೊಂಡೆ. ಅದಾದ ಮೇಲೆ ರೊಟ್ಟಿ ಬಡಿಯುವ ಪರಾತದಲ್ಲಿ ಇರುವುದೊಂದು ಆಗಲಿ ಎಂದುಕೊಂಡೆ. ಕೂಗಿದರೆ ಸುನಂದಾ ಹೊರಗೇ ಇದ್ದಳು. ಆದರೂ ನಾನು ಬಾಯಿ ಬಿಡಲಿಲ್ಲ.

ಆಮೇಲೆ ಏನಾಯಿತು ಎಂದು ನನಗೆ ಗೊತ್ತಿಲ್ಲ. ರೊಟ್ಟಿ ಸುಟ್ಟ ವಾಸನೆ ಬಂತಂತೆ. ನನ್ನ ಒಲೆಯಲ್ಲಿ ರೊಟ್ಟಿ ಸುಟ್ಟಿದೆ ಎಂದರೆ ಏನೋ ಆಗಿದೆ ಎಂದು ಸುನಂದಾ ಓಡಿ ಬಂದಳಂತೆ. ಹಿಟ್ಟಿನ ಮೇಲೆ ಬೀಳಲಿಲ್ಲ, ಪಕ್ಕಕ್ಕೆ ಬಿದ್ದಿದ್ದೆ. ಅದನ್ನು ಕೇಳಿ ನನಗೆ ಸಮಾಧಾನವಾಯಿತು ಎಂದರೆ ನೀವು ನಗುತ್ತೀರಿ.

ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದೆ. ಮೊದಲ ಮೂರು ದಿನ ಗಾಜಿನ ಖೋಲಿಯಲ್ಲಿ. ಅಲ್ಲಿ ಹಗಲು ಯಾವುದು ಕತ್ತಲು ಯಾವುದು ತಿಳಿಯುವುದಿಲ್ಲ. ಪಕ್ಕದ ಮಂಚದ ಹೆಂಗಸು ಎರಡನೆಯ ದಿನ ಸತ್ತಳು. ನಡುವೆ ಪರದೆ ಎಳೆದರು, ಆದರೆ ಪರದೆ ಗಿಡ್ಡ, ಕೆಳಗೆ ಅವಳ ಮಗನ ಚಪ್ಪಲಿ ಕಾಣುತ್ತಿತ್ತು. ಇನ್ನು ನನ್ನ ಸರದಿ ಎಂದುಕೊಂಡೆ. ಬರಲಿಲ್ಲ. ಅಲ್ಲೊಬ್ಬ ಕೇರಳದ ನರ್ಸಮ್ಮ ನನ್ನ ಜಡೆ ಸಿಕ್ಕಾದದ್ದನ್ನು ನೋಡಿ, ಯಾರೂ ಹೇಳದಿದ್ದರೂ ಕೂತು ಬಿಡಿಸಿ ಹೆಣೆದಳು. ಅವಳಿಗೆ ನನ್ನ ಮಾತು ಬರದು, ನನಗೆ ಅವಳದು. ಜಡೆ ಮಾತ್ರ ಗಟ್ಟಿ ಹೆಣೆದಿದ್ದಳು, ನಾಲ್ಕು ದಿನ ಬಿಚ್ಚಲಿಲ್ಲ.

ವಾರ್ಡಿಗೆ ಹಾಕಿದ ಮೇಲೆ ಒಂದು ದಿನ ಸುನಂದಾ ಬಂದಳು, ಜೊತೆಗೆ ಬಸು. ಅವಳ ಕೈಯಲ್ಲಿ ಗುಳಿಗೆಯ ಪಟ್ಟಿ ಇತ್ತು. ನಾನು ಬಿದ್ದ ದಿನ ಉಟ್ಟಿದ್ದ ಸೀರೆ ಒಗೆಯಲು ಹಾಕುವಾಗ ಗಂಟಿನಲ್ಲಿ ಸಿಕ್ಕಿತ್ತು.

"ಅತ್ತಿ, ಇದರಾಗ ಹತ್ತಕ್ಕ ಹತ್ತೂ ಅದಾವಲ್ರಿ."

ನಾನು ಚಾದರವನ್ನು ಕತ್ತಿನವರೆಗೆ ಎಳೆದುಕೊಂಡೆ.

"ಎರಡು ತಿಂಗಳಿಂದ ಹಾಕ್ಕೊಂಡೀನಿ, ಹಾಕ್ಕೊಂಡೀನಿ ಅಂತಿದ್ರಿ. ಏನ ಹಾಕ್ಕೊಂಡ್ರಿ, ಮಣ್ಣ?"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಎಂಜಲಿನ ವಿಷಯ ಹೇಳಿದೆ. ಬಸು ವಾರ್ಡಿನಲ್ಲಿ ಎಲ್ಲರೂ ತಿರುಗಿ ನೋಡುವ ಹಾಗೆ ಕೂಗಿದ, "ಅವ್ವಾ, ಸಾಹುಕಾರ್ರು ನಿನಗ ಸಾಯಂತ ಹೇಳ್ಯಾರೇನ? ಅವರಿಗೆ ಗೊತ್ತಾದ್ರ ಆ ರೊಟ್ಟಿ ಗಂಟಲಾಗ ಇಳೀತದೇನ?" ಡಾಕ್ಟರಬಾಯಿಯೂ ಬಂದಳು. ಅವಳು ಕೂಗಲಿಲ್ಲ. ಮಂಚದ ಅಂಚಿಗೆ ಕೂತು, "ಆಜಿ, ಎಂಜಲು ದೊಡ್ಡದೋ ಜೀವ ದೊಡ್ಡದೋ?" ಎಂದು ಕೇಳಿದಳು.

"ಜೀವ," ಎಂದೆ.

ಅವಳಿಗೆ ಬೇಕಾದ ಉತ್ತರ ಅದು, ಕೊಟ್ಟೆ. ಒಳಗೆ ನಾನು ಒಪ್ಪಿರಲಿಲ್ಲ. ನಲವತ್ತು ವರ್ಷ ಕೈಗೆ ಹತ್ತಿದ್ದನ್ನು ಒಂದು ಪ್ರಶ್ನೆಗೆ ಬಿಡಲು ಆಗುವುದಿಲ್ಲ. ಮತ್ತೆ ಒಲೆಯ ಮುಂದೆ ಕೂತರೆ ಮತ್ತೆ ಹಾಗೆಯೇ ಮಾಡುತ್ತೇನೆ ಎಂದು ನನಗೆ ಗೊತ್ತಿತ್ತು. ಸುನಂದಾಳಿಗೂ ಗೊತ್ತಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಮನೆಗೆ ಬಂದಾಗ ಹಂಚು, ಪರಾತ, ಪಂಪಿನ ಸ್ಟೋವು ಮೂರೂ ಅಟ್ಟ ಸೇರಿದ್ದವು. ಕಿಟಕಿಯ ಕೆಳಗೆ ನನಗೊಂದು ಖಾಟು ಹಾಕಿದ್ದರು, ಹೊಸ ಹಾಸಿಗೆ ಬೇರೆ. ಆರು ವಾರ ಏನೂ ಮಾಡಬಾರದು ಎಂದು ಡಾಕ್ಟರಬಾಯಿ ಹೇಳಿದ್ದಳು. ಆರು ವಾರ ಆದ ಮೇಲೂ ಆ ಖಾಟು ಅಲ್ಲಿಂದ ಏಳುವುದಿಲ್ಲ ಎಂದು ನನಗೆ ನೋಡಿದ ಕೂಡಲೇ ತಿಳಿಯಿತು. ನಾನು ಸಾವಿಗೆ ಅಷ್ಟು ಹೆದರಿದವಳಲ್ಲ. ಆ ಖಾಟಿಗೆ ಹೆದರಿದೆ. ಅದರ ಮೇಲೆ ಕೂತವರಿಗೆ ಎಲ್ಲರೂ ತಾಟು ತಂದು ಕೊಡುತ್ತಾರೆ, ಒಂದು ವರ್ಷವಾದ ಮೇಲೆ ಯಾರೂ ಏನೂ ಕೇಳುವುದಿಲ್ಲ.

ಆದರೆ ಆ ಆರು ವಾರ ಪೂರಾ ಹಾಳಾಗಲಿಲ್ಲ. ಮೊದಲ ವಾರ ಎಲ್ಲರನ್ನೂ ಬೈದೆ. ಎರಡನೆಯ ವಾರ ಬೈಯಲು ಬೇಜಾರಾಯಿತು. ಸುನಂದಾ ಚಹಾ ತಂದು ಕೊಟ್ಟರೆ ಕೂತು ಕುಡಿಯುತ್ತಿದ್ದೆ. ಅಲ್ಲಿಯವರೆಗೆ ಚಹಾ ಎಂದರೆ ನಿಂತಲ್ಲೇ ಗಂಟಲಿಗೆ ಸುರಿದುಕೊಳ್ಳುವ ಬಿಸಿನೀರು ಎಂದು ತಿಳಿದಿದ್ದೆ. ಸುನಂದಾ ಅದಕ್ಕೆ ಶುಂಠಿ ಹಾಕುತ್ತಾಳೆ ಎಂದು ಗೊತ್ತಾಗಿದ್ದು ಆಗಲೇ.

"ಯಾವಾಗಿಂದ ಶುಂಠಿ ಹಾಕ್ತಿ?" ಎಂದು ಕೇಳಿದೆ.

"ಮದಿವ್ಯಾಗಿ ಬಂದಾಗಿಂದ. ಒಂಬತ್ತು ವರ್ಷಾತು, ಈಗ ರುಚಿ ಹತ್ತೇದ ನಿಮಗ," ಎಂದಳು.

ನಡೆಯಲು ಹೇಳಿದ್ದರು. ಮೊದಲು ಮೂರನೆಯ ಬಾಗಿಲಿನವರೆಗೆ, ಆಮೇಲೆ ನಳದವರೆಗೆ, ಆಮೇಲೆ ಓಣಿಯ ಮೂಲೆಯವರೆಗೆ. ನಡೆಯುವಾಗ ಮಾತಾಡಲು ಬರಬೇಕು, ಅಷ್ಟು ನಿಧಾನ. ನಿಧಾನವಾಗಿ ನಡೆಯುವುದು ನನಗೆ ರೊಟ್ಟಿಗಿಂತ ಕಷ್ಟವಾಯಿತು. ಕಾಲು ತಾವೇ ಓಡುತ್ತಿದ್ದವು. ಅದಕ್ಕೆ ಒಂದೊಂದು ಬಾಗಿಲಿಗೆ ನಿಂತು ಒಬ್ಬೊಬ್ಬರನ್ನು ಮಾತಾಡಿಸಿದೆ. ನಲವತ್ತು ವರ್ಷ ಆ ಚಾಳಿನಲ್ಲಿ ಇದ್ದರೂ ಮೂರನೆಯ ಬಾಗಿಲಿನವಳ ಹೆಸರು ಗೊತ್ತಿರಲಿಲ್ಲ. ಯಾರ್ಡಿನ ಕಡೆಯಿಂದ ಹನ್ನೊಂದು ಗಂಟೆಗೆ ಕೊತ್ತಂಬರಿಯ ವಾಸನೆ ಬರುತ್ತದೆ, ನಾಲ್ಕಕ್ಕೆ ಉಳ್ಳಾಗಡ್ಡಿಯದು. ಇದೂ ಗೊತ್ತಿರಲಿಲ್ಲ.

ಆರು ವಾರ ಮುಗಿದ ಮೇಲೆ ತೋರಿಸಲು ಹೋದೆವು. ಬಸು ಚೀಟಿಯ ಸಾಲಿನಲ್ಲಿ ನಿಂತ. ನನ್ನ ಪಕ್ಕಕ್ಕೆ ಬೆಂಚಿನ ಮೇಲೆ ಒಬ್ಬ ಮುದುಕರು, ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. ಮಗನ ಹತ್ತಿರ ನಾನು ಆಡಿದ ಮಾತು ಕೇಳಿ ಕನ್ನಡದಲ್ಲಿ ಮಾತಾಡಿಸಿದರು. ಕುಂದಾಪುರದ ಕಡೆಯವರು, ಪುಣೆಯ ಹೋಟೆಲುಗಳಲ್ಲಿ ನಲವತ್ತು ವರ್ಷ ಅಡುಗೆ ಮಾಡಿದವರು. ಎಲ್ಲರೂ ಭಟ್ಟರೇ ಎನ್ನುತ್ತಾರಂತೆ. ಅವರಿಗೂ ನನ್ನದೇ ರೋಗ, ಐದು ವರ್ಷದಿಂದ.

"ಈಗ್ಲೂ ಅಡಿಗಿ ಮಾಡ್ತೀರೇನ್ರಿ?" ಎಂದು ಕೇಳಿದೆ.

"ಮಾಡ್ದೆ ಮತ್ತೆಂತ? ಬೆಳಿಗ್ಗೆ ಸಾಂಬಾರು, ಪಲ್ಯ ನಂದೇ."

"ಎದಿ ಹಿಡೀತಂದ್ರ?"

"ಹಿಡೀತದೆ. ಗುಳಿಗೆ ಉಂಟಲ್ಲ."

"ಅಡಿಗಿ ಮಾಡುವಾಗ ಬಾಯಾಗ ಹೆಂಗ ಇಟ್ಕೋತೀರಿ? ಎಂಜಲ ಆಗೂದಿಲ್ಲೇನ್ರಿ?"

ಅವರು ನನ್ನನ್ನು ನೋಡಿ ನಗಲಿಲ್ಲ. ಮೊದಲ ಸಲ ಒಬ್ಬರು ನಗದೆ, ಕೂಗದೆ ನನ್ನ ಮಾತನ್ನು ಕೇಳಿದರು.

"ಎಂಜಲು ಆಗ್ತದೆ ಮತ್ತೆ. ಆದರೆ ಒಲೆ ಎದುರು ಕೂತು ಇಟ್ಕೊಳ್ಳಿ ಅಂತ ಯಾರು ಹೇಳಿದ್ದು ಮಾರಾಯ್ರೆ? ಬೆಂಕಿ ಆರ್ಸುದು. ಎದ್ದು ಹಿಂದಿನ ಬಾಗಿಲಿಗೆ ಹೋಗುದು. ಅಲ್ಲಿ ಸ್ಟೂಲಿನ ಮೇಲೆ ಕೂತು ಗುಳಿಗೆ ಇಡುದು. ಪೂರ್ತಿ ಕರಗ್ಬೇಕು, ನೋವು ಹೋಗ್ಬೇಕು. ಆಮೇಲೆ ಬಾಯಿ ಮುಕ್ಕಳಿಸಿ, ಕೈಕಾಲು ತೊಳ್ದು ಒಳಗೆ ಬರುದು. ಬಾಯಿ ಶುದ್ಧ ಆಯ್ತಲ್ಲ?"

"ಒಲಿ ಮ್ಯಾಲ ಇದ್ದದ್ದು ಹಾಳಾತಂದ್ರ?"

"ಹಾಳಾಗ್ಲಿ. ಸಾಂಬಾರು ಅಡಿ ಹಿಡಿದ್ರೆ ಪುನಃ ಮಾಡ್ಬಹುದು. ಭಟ್ಟ ಅಡಿ ಹಿಡಿದ್ರೆ ಪುನಃ ಮಾಡ್ಲಿಕ್ಕೆ ಉಂಟಾ?"

ನಾನು ಜೋರಾಗಿ ನಕ್ಕುಬಿಟ್ಟೆ. ಸಾಲಿನಲ್ಲಿದ್ದ ಬಸು ತಿರುಗಿ ನೋಡಿದ. ಇಷ್ಟು ಸರಳ ಮಾತು ನನಗೆ ಎರಡು ತಿಂಗಳಲ್ಲಿ ಯಾಕೆ ಹೊಳೆಯಲಿಲ್ಲ ಎಂದರೆ, ಹಿಟ್ಟಿನ ಮುಂದಿನಿಂದ ನಡುವೆ ಏಳಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ. ಎಂಜಲಿನ ನೇಮವನ್ನು ಬಿಡಬೇಕಾಗಿರಲಿಲ್ಲ. ಏಳಬಾರದು ಎಂಬ ನೇಮವೊಂದನ್ನು ಬಿಟ್ಟರೆ ಸಾಕಾಗಿತ್ತು. ನನ್ನ ಚೀಟಿ ಕರೆದರು, ಒಳಗೆ ಹೋದೆ. ಹೊರಗೆ ಬಂದಾಗ ಭಟ್ಟರು ಇರಲಿಲ್ಲ. ಆಮೇಲೆ ಅವರನ್ನು ಕಾಣಲಿಲ್ಲ.

ಒಳಗೆ ಡಾಕ್ಟರಬಾಯಿಗೆ, "ನನಗೆ ರೊಟ್ಟಿ ಮಾಡಬೇಕು," ಎಂದು ನೇರವಾಗಿ ಹೇಳಿದೆ.

"ಅದು ಎಂಥ ಕೆಲಸ, ಮಾಡಿ ತೋರಿಸಿ ನೋಡೋಣ," ಎಂದಳು.

ಅವಳ ಮೇಜಿನ ಪಕ್ಕಕ್ಕೆ ನೆಲದ ಮೇಲೆ ಕೂತೆ. ಹಿಟ್ಟಿಲ್ಲ, ಪರಾತವಿಲ್ಲ, ಬರೀ ಫರಸಿಯ ಮೇಲೆ ಬಡಿದೆ. ಅವಳು ನನ್ನ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತು, ಗಡಿಯಾರ ನೋಡುತ್ತಾ, ಆಗಾಗ ನನ್ನನ್ನು ನಿಲ್ಲಿಸಿ ಕೈ ಹಿಡಿದು ನಾಡಿ ಎಣಿಸಿದಳು. ನಾನು ನನ್ನ ಹಳೆಯ ವೇಗದಲ್ಲಿ ಬಡಿದೆ. "ಇದಲ್ಲ," ಎಂದಳು. ಅರ್ಧಕ್ಕೆ ಇಳಿಸಿದೆ. "ಇನ್ನೂ ಅಲ್ಲ," ಎಂದಳು. ಕಡೆಗೆ ಹಾಲು ಕುಡಿಯುವ ಕೂಸಿಗೆ ಬೆನ್ನು ತಟ್ಟುವ ಹಾಗೆ ಬಡಿದೆ. "ಹಾಂ, ಇದು," ಎಂದಳು. ಹೊರಗಿನಿಂದ ಕಂಪೌಂಡರು ಇಣುಕಿ ನೋಡಿ, ಇಬ್ಬರೂ ನೆಲದ ಮೇಲೆ ಕೂತದ್ದನ್ನು ಕಂಡು ಬಾಗಿಲು ಮುಚ್ಚಿದ.

ದಿನಕ್ಕೆ ನಲವತ್ತು ರೊಟ್ಟಿಗೆ ಒಪ್ಪಿದಳು. ಹತ್ತಕ್ಕೊಮ್ಮೆ ಏಳಬೇಕು. ನೋವು ಬಂದರೆ ಹತ್ತರ ಲೆಕ್ಕವಿಲ್ಲ, ಆ ಕ್ಷಣ ಏಳಬೇಕು. ಗುಳಿಗೆ ಇಟ್ಟರೆ ಎಷ್ಟು ಇಟ್ಟೆ ಎಂದು ನಿಜ ಹೇಳಬೇಕು. ಹೂಂ ಎಂದೆ. ಈ ಸಲ ನಿಜವಾಗಿ ಹೂಂ ಎಂದೆ.

ಆ ಸಂಜೆ ಮನೆಯಲ್ಲಿ ಜಗಳ. ಬಸು ಅಟ್ಟದಿಂದ ಹಂಚು ಇಳಿಸುವುದಿಲ್ಲ ಎಂದ.

"ನಿನಗೇನು ಕಡಿಮಿ ಮಾಡೇವಿ ಅವ್ವಾ? ಕುಂತು ಉಣ್ಣಾಕ ಏನು ತ್ರಾಸು?"

"ಉಣ್ಣಾಕ ತ್ರಾಸಿಲ್ಲ. ಕುಂದರಾಕ ತ್ರಾಸು."

"ನಲವತ್ತು ರೊಟ್ಟಿ ಯಾರಿಗೆ ಸಾಲ್ತಾವ?"

"ಸಾಹುಕಾರ್ರ ಮನಿಗೆ ಸಾಲ್ತಾವ. ಉಳದವರು ಬ್ಯಾರೆ ಕಡೆ ತೊಗೊಳ್ಳಿ."

ನಾನು ಭಟ್ಟರು ಹೇಳಿದ್ದನ್ನೆಲ್ಲಾ ಹೇಳಿದೆ. ಒಮ್ಮೆಗೆ ಹತ್ತರಷ್ಟೇ ಹಿಟ್ಟು ನಾದುತ್ತೇನೆ, ನಡುವೆ ಎದ್ದರೂ ಆರಿ ಕೆಡುವುದು ಸ್ವಲ್ಪವೇ ಎಂದೆ. ಬಸು ಮುಖ ತಿರುಗಿಸಿದ. ಅಕ್ಕಿ ಆರಿಸುತ್ತಿದ್ದ ಸುನಂದಾ ತಲೆಯೆತ್ತಿದಳು.

"ಒಂದ ಕೇಳ್ತೀನಿ ಅತ್ತಿ. ಹಂಚಿನ ಮ್ಯಾಲ ರೊಟ್ಟಿ ಅದ. ನೀರ ಹಚ್ಚೀರಿ, ಇನ್ನೇನ ಉಬ್ಬತದ. ಆಗ ಎದಿ ಹಿಡೀತು. ಏನ ಮಾಡ್ತೀರಿ?"

"ಏಳ್ತೀನಿ."

"ಖರೇ ಹೇಳ್ರಿ."

ಖರೇ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ಅವಳು ಮೊರ ಪಕ್ಕಕ್ಕಿಟ್ಟು ಎದ್ದಳು. ಸ್ಟೂಲು ಹಾಕಿಕೊಂಡು ತಾನೇ ಹಂಚು, ಪರಾತ, ಸ್ಟೋವು ಇಳಿಸಿದಳು.

"ಒಂದ ದಿನ ಕೊಡ್ತೀನಿ ನಿಮಗ. ನಾ ಬಾಗಲದಾಗ ನಿಂತು ನೋಡ್ತೀನಿ, ಬಾಯಿ ಬಿಡೂದಿಲ್ಲ. ನೀವು ಏಳ್ಲಿಲ್ಲಂದ್ರ ಈ ಹಂಚು ಗುಜರಿಗೆ ಹೋಗ್ತದ. ಆಮ್ಯಾಲ ನನಗ ಬೈಬ್ಯಾಡ್ರಿ."

ಬಸು ಅವಳನ್ನು ಬೈದ. ಅವಳು ಕೇಳಲಿಲ್ಲ.

ಮರುದಿನದ ಮಾತು ಹೇಳುವ ಮೊದಲು ಈಗಿನದನ್ನು ಸ್ವಲ್ಪ ಹೇಳಿಬಿಡುತ್ತೇನೆ. ಈಗ ನಾನು ಇಪ್ಪತ್ತು ರೊಟ್ಟಿ ಮಾತ್ರ ಮಾಡುತ್ತೇನೆ. ಐದರಷ್ಟು ಹಿಟ್ಟು ನಾದುತ್ತೇನೆ, ಐದಾದರೆ ಎದ್ದು ಹೊರಗಿನ ಮೆಟ್ಟಿಲ ಮೇಲೆ ಕೂರುತ್ತೇನೆ. ನೋವಿದ್ದರೂ ಕೂರುತ್ತೇನೆ, ಇಲ್ಲದಿದ್ದರೂ ಕೂರುತ್ತೇನೆ. ಅಷ್ಟು ಹೊತ್ತಿಗೆ ಓಣಿಯಲ್ಲಿ ಯಾರು ಎಲ್ಲಿಗೆ ಹೊರಟರು, ಯಾರ ಮನೆಯ ಹಾಲು ಉಕ್ಕಿತು ಎಲ್ಲಾ ಗೊತ್ತಾಗುತ್ತದೆ. ಚಹಾ ಕೂತು ಕುಡಿಯುತ್ತೇನೆ. ಉಣ್ಣುವಾಗ ತುತ್ತು ಎಣಿಸುವುದಿಲ್ಲ, ಆದರೆ ಅಗಿಯುತ್ತೇನೆ. ಸಂಜೆ ಓಣಿಯ ಮೂಲೆಯವರೆಗೆ ಹೋಗಿ ಬರುತ್ತೇನೆ, ದಾರಿಯಲ್ಲಿ ಏಳು ಬಾಗಿಲು. ಜನ ಸುಖ, ಶಾಂತಿ ಎನ್ನುತ್ತಾರೆ, ಟಿವಿಯಲ್ಲಿ ಮುಂಜಾನೆ ಅದನ್ನೇ ಹೇಳುತ್ತಾರೆ. ನನಗೆ ಅಷ್ಟು ದೊಡ್ಡದು ತಿಳಿಯದು. ಒಂದು ರೊಟ್ಟಿಯಾದ ಮೇಲೆ ಇನ್ನೊಂದಕ್ಕೆ ಅವಸರವಿಲ್ಲದಿದ್ದರೆ ಆ ದಿನ ಚಲೋ ಹೋಗುತ್ತದೆ. ಕೆಲವು ದಿನ ಎದೆ ಹಿಡಿಯುತ್ತದೆ. ಗುಳಿಗೆ ಇಡುತ್ತೇನೆ. ಎಷ್ಟು ಇಟ್ಟೆ ಎಂದು ಡಾಕ್ಟರಿಗೆ ನಿಜ ಹೇಳುತ್ತೇನೆ. ಈ ಡಾಕ್ಟರು ಬೇರೆ, ಆ ಹುಡುಗಿ ಮದುವೆಯಾಗಿ ನಾಗಪುರಕ್ಕೆ ಹೋದಳು.

ಇಷ್ಟೆಲ್ಲಾ ಆಗಿದ್ದು ಆ ಮರುದಿನ ಮುಂಜಾನೆಯಿಂದ.

ಅವತ್ತು ಆರಕ್ಕೆ ಎದ್ದು ಮೈ ತೊಳೆದು ಕೂತೆ. ಸ್ಟೋವಿಗೆ ಗಾಳಿ ಹಾಕಿ ಹಚ್ಚಿದೆ, ಭೊರ್ ಎಂದು ಹತ್ತಿಕೊಂಡಿತು. ಹತ್ತರಷ್ಟು ಹಿಟ್ಟು ನಾದಿದೆ. ಕೈ ಮರೆತಿರಲಿಲ್ಲ. ಸುನಂದಾ ಹೇಳಿದ ಹಾಗೆಯೇ ಬಾಗಿಲಿಗೆ ಒರಗಿ ನಿಂತಿದ್ದಳು. ಮೊದಲ ಹತ್ತು ಆದವು, ಎದ್ದೆ, ಕೂತೆ, ಏನೂ ಆಗಲಿಲ್ಲ. ಎರಡನೆಯ ಹತ್ತಕ್ಕೆ ಕೂತೆ. ಕೈ ತಾನಾಗಿ ಜೋರಾಯಿತು, ನನಗೆ ತಿಳಿಯಲೇ ಇಲ್ಲ. ಆರನೆಯ ರೊಟ್ಟಿ ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿದೆ. ದವಡೆ ಹಿಡಿಯಿತು. ಆಮೇಲೆ ಎದೆ.

ರೊಟ್ಟಿಯ ನೀರು ಇನ್ನೂ ಆರಿರಲಿಲ್ಲ. ಇನ್ನೊಂದು ನಿಮಿಷಕ್ಕೆ ಮಗುಚಿದರೆ ಉಬ್ಬುತ್ತಿತ್ತು. ಚಂದ ಬಂದಿತ್ತು, ಅಂಚು ಎಲ್ಲೂ ಸೀಳಿರಲಿಲ್ಲ. ಸುನಂದಾ ಬಾಗಿಲಲ್ಲಿ ಉಸಿರು ಬಿಗಿಹಿಡಿದಳು, ಬಾಯಿ ಬಿಡಲಿಲ್ಲ.

ಸ್ಟೋವಿನ ಗಾಳಿ ಬಿಟ್ಟೆ. ಅದು ಆರಿದ ಕೂಡಲೇ ಮನೆಯೆಲ್ಲಾ ಒಮ್ಮೆಗೇ ಸದ್ದಿಲ್ಲದಾಯಿತು. ಗೋಡೆ ಹಿಡಿದು ಎದ್ದೆ. ಸುನಂದಾ ಸರಿದು ದಾರಿ ಬಿಟ್ಟಳು. ಮೆಟ್ಟಿಲ ಮೇಲೆ ಕೂತು, ಗಂಟು ಬಿಚ್ಚಿ, ಒಂದು ಗುಳಿಗೆ ನಾಲಿಗೆಯ ಕೆಳಗೆ ಇಟ್ಟೆ. ಚುರುಗುಟ್ಟಿತು. ಸ್ವಲ್ಪ ಹೊತ್ತಿಗೆ ತಲೆ ಧಿಂ ಎಂದಿತು, ಎದೆಯ ಕಲ್ಲು ಸರಿಯಿತು.

"ಅತ್ತಿ, ರೊಟ್ಟಿ ಚರ್ಮ ಆತು ನೋಡ್ರಿ," ಎಂದಳು ಒಳಗಿನಿಂದ. ಅವಳ ಧ್ವನಿ ಒಂದು ನಮೂನೆ ಆಗಿತ್ತು.

ಬಾಯಲ್ಲಿ ಗುಳಿಗೆ ಇತ್ತು, ಮಾತಾಡಲಿಲ್ಲ. ಆಗಲಿ ಎಂದು ಕೈಸನ್ನೆ ಮಾ‍ಡಿದೆ.

ಕಾಲು ಗಂಟೆ ಅಲ್ಲೇ ಕೂತೆ. ಆಮೇಲೆ ನಳಕ್ಕೆ ಹೋಗಿ ಮೂರು ಸಲ ಬಾಯಿ ಮುಕ್ಕಳಿಸಿ, ಕೈಕಾಲು ತೊಳೆದು ಒಳಗೆ ಬಂದೆ. ಕೆಟ್ಟ ರೊಟ್ಟಿಯನ್ನು ಎತ್ತಿ ಬದಿಗಿಟ್ಟೆ, ಆರಿದ ಹಿಟ್ಟನ್ನು ಅದರ ಜೊತೆಗೆ ಇಟ್ಟೆ, ಹಂಚು ಒರೆಸಿ, ಹೊಸ ಹಿಟ್ಟು ನಾದಿದೆ. ಕೂಸಿಗೆ ತಟ್ಟುವ ಹಾಗೆ ಬಡಿದೆ. ಆ ದಿನ ನಲವತ್ತು ಆಗಲಿಲ್ಲ, ಮೂವತ್ತೊಂದು ಆದವು. ಬಸು ಎಣಿಸಿ ನೋಡಿ, ಮೂವತ್ತೊಂದನ್ನೇ ಬುಟ್ಟಿಗೆ ಹಾಕಿಕೊಂಡು ಸೈಕಲ್ ಹತ್ತಿದ.